ಕ್ಯಾಮೆರಾ ಬಂದ ಮೇಲೆ: ಒಂದು ಹಳ್ಳಿ ಹೈಸ್ಕೂಲಿನ ಹತ್ತನೇ ಕ್ಲಾಸಿನ ಕಥೆ

2024ರ ಮೇ 9ರಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ರಾಜ್ಯದಲ್ಲಿ ಪಾಸಾದವರು ಶೇ 73.40. ಹಿಂದಿನ ವರ್ಷ ಅದು ಶೇ 83.89 ಇತ್ತು. ಉಡುಪಿ ಜಿಲ್ಲೆ ಶೇ 94 ಪಡೆದು ಮೊದಲ ಸ್ಥಾನದಲ್ಲಿತ್ತು. ನಮ್ಮ ಯಾದಗಿರಿ ಶೇ 50.59ಕ್ಕೆ ಕುಸಿದು ಪಟ್ಟಿಯ ಕೊನೆಗೆ ಬಂತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ, ಅಂದರೆ ಒಳಗೆ ನಡೆಯುವುದನ್ನು ದೂರದಿಂದಲೇ ನೇರವಾಗಿ ನೋಡಿದ ಮೊದಲ ವರ್ಷ ಅದು. ಫಲಿತಾಂಶ ಎಷ್ಟು ಬಿತ್ತೆಂದರೆ, ಆ ವರ್ಷದ ಮಟ್ಟಿಗೆ ಗ್ರೇಸ್ ಅಂಕವನ್ನೇ ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿಯೂ ಬಂದದ್ದು ಈ ಅಂಕಿ.

ಆ ಜೂನ್‌ನಲ್ಲಿ ಬಡ್ತಿ ಮೇಲೆ ನಾನು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಮುಖ್ಯಶಿಕ್ಷಕಿಯಾಗಿ ಬಂದೆ. ಶಾಲೆಯ ಹೆಸರು ಬರೆಯುವುದಿಲ್ಲ, ಮಕ್ಕಳ ಹೆಸರೂ ಬೇಡ. ಅವರು ಇನ್ನೂ ಅದೇ ಊರಿನಲ್ಲಿ ಓಡಾಡುವ ಮಕ್ಕಳು. ಶಾಲೆ ದೊಡ್ಡದೇನಲ್ಲ. ಎಂಟರಿಂದ ಹತ್ತರವರೆಗೆ ತರಗತಿಗಳು, ಸುತ್ತಲಿನ ಹಳ್ಳಿಗಳಿಂದ ಮತ್ತು ತಾಂಡಾಗಳಿಂದ ಬರುವ ಮಕ್ಕಳು. ಹತ್ತನೇ ಕ್ಲಾಸಿನಲ್ಲಿ ಅರವತ್ತರ ಆಸುಪಾಸು. ಗಣಿತದ ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರ ದಾರಿ ನೋಡುತ್ತಿದ್ದರು. ಹಿಂದಿನ ಮಾರ್ಚ್‌ನಲ್ಲಿ ಪರೀಕ್ಷೆ ಬರೆದವರಲ್ಲಿ, ಗ್ರೇಸ್ ಸೇರಿಸಿಯೂ ಅರ್ಧದಷ್ಟು ಮಕ್ಕಳು ಪಾಸಾಗಿರಲಿಲ್ಲ. ಅದಕ್ಕಿಂತ ಎರಡು ವರ್ಷ ಹಿಂದೆ ಇದೇ ಶಾಲೆಯ ಗೇಟಿಗೆ ಶೇ 90 ದಾಟಿದ ಬ್ಯಾನರ್ ಕಟ್ಟಿದ್ದರು.

ಶಿಕ್ಷಕರ ಮೊದಲ ಸಭೆಯಲ್ಲಿ ಎಲ್ಲರ ಮುಖವೂ ಬಾಡಿತ್ತು. ನೋಟಿಸಿಗೆ ಉತ್ತರ ಕೊಟ್ಟು ಸುಸ್ತಾಗಿದ್ದರು. ಮಕ್ಕಳು ಓದಲ್ಲ, ಪಾಲಕರು ಕಳಿಸಲ್ಲ, ಮೊಬೈಲ್ ಹಾಳು ಮಾಡಿತು, ಹೀಗೆ ಕಾರಣಗಳು ಒಂದೊಂದಾಗಿ ಬಂದವು. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಅದೇ ಮಕ್ಕಳು, ಅದೇ ಶಿಕ್ಷಕರು, ಅದೇ ಪುಸ್ತಕ. ಕ್ಯಾಮೆರಾ ಒಂದೇ ಹೊಸದು. ಅಂದಮೇಲೆ ಹಿಂದಿನ ವರ್ಷಗಳ ಆ ಶೇಕಡಾವಾರು ಎಲ್ಲಿಂದ ಬಂದಿತ್ತು ಅಂತ ಕೇಳಬೇಕಲ್ವಾ? ಯಾರೂ ಕೇಳಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ವೆಬ್‌ಕಾಸ್ಟಿಂಗ್ ಬಂದದ್ದು ಒಳ್ಳೆಯದೇ ಆಯಿತು ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಎಷ್ಟೋ ವರ್ಷಗಳ ನಂತರ ಮೊದಲ ಸಲ ಕಾಗದದ ಮೇಲೆ ಕಾಣಿಸಿತು. ಅದನ್ನು ನೋಡಿ ಹೆದರಿ ಮತ್ತೆ ಮುಚ್ಚಿಡುವುದೋ, ಕೂತು ಓದುವುದೋ ಅನ್ನುವುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ.

ಓದಿಸಿ ನೋಡಿದಾಗ

ವರ್ಷದ ಮೊದಲಿಗೆ ಹಿಂದಿನ ತರಗತಿಗಳ ಕಲಿಕೆಯನ್ನು ನೆನಪಿಸುವ ಸೇತುಬಂಧದ ವಾರಗಳಲ್ಲಿ ಹತ್ತನೇ ಕ್ಲಾಸಿನ ಒಬ್ಬೊಬ್ಬರನ್ನೇ ನನ್ನ ಕೋಣೆಗೆ ಕರೆದೆ. ಕನ್ನಡ ಮೇಷ್ಟ್ರು ಪಕ್ಕದಲ್ಲಿದ್ದರು. ಬೇರೆ ಮಕ್ಕಳು ಸುತ್ತ ಇರಬಾರದು ಅಂತ ಬಾಗಿಲು ಮುಂದಕ್ಕೆ ಮಾಡಿದ್ದೆವು. ಮೊದಲು ಐದನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಅರ್ಧ ಪುಟ. ಅದು ಸಲೀಸಾದರೆ ಹಳೆಯ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪ್ರಶ್ನೆಪತ್ರಿಕೆಯಿಂದ ಎರಡು ಪ್ರಶ್ನೆ. ಬರವಣಿಗೆ ಇಲ್ಲ, ಅಂಕ ಇಲ್ಲ, ಸುಮ್ನೆ ಓದಬೇಕು.

ಮೂರರಲ್ಲಿ ಒಂದು ಪಾಲು ಮಕ್ಕಳು ಐದನೇ ಕ್ಲಾಸಿನ ಪಾಠದಲ್ಲೇ ತಡವರಿಸಿದರು. ಅಕ್ಷರ ಗೊತ್ತು, ಕಾಗುಣಿತ ಹೆಚ್ಚು ಕಡಿಮೆ ಗೊತ್ತು, ಒತ್ತಕ್ಷರ ಬಂದ ಕಡೆ ನಿಲ್ಲುತ್ತಿದ್ದರು. ಇನ್ನೂ ಒಂದಷ್ಟು ಮಕ್ಕಳು ಕನ್ನಡ ಪಾಠ ಸರಾಗವಾಗಿ ಓದಿ, ವಿಜ್ಞಾನದ ಪ್ರಶ್ನೆಗೆ ಬಂದಾಗ ಎಡವಿದರು.

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ತಾಂಡಾದವನು, ಮನೆಮಾತು ಲಂಬಾಣಿ. ಪ್ರಶ್ನೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದಿತ್ತು. ಬೆರಳಿಟ್ಟು ‘ದ’ ಅಂದ, ‘ದು’ ಅಂದ, ‘ತಿ’ ಅಂದ, ‘ಸಂ’ ಅಂದ. ‘ಶ್ಲೇ’ ಹತ್ತಿರ ಬೆರಳು ನಿಂತಿತು. ಅಲ್ಲಿಂದ ಬೆರಳು ಮತ್ತೆ ಮೊದಲಿಗೆ ಬಂತು. ಎರಡನೇ ಸಲವೂ ಅಲ್ಲೇ ನಿಂತಿತು. ಅವನ ಕಿವಿ ಕೆಂಪಾಯಿತು. “ಇರಲಿ ಬಿಡಪ್ಪಾ, ನಾನೇ ಓದ್ತೀನಿ, ನೀನು ಉತ್ತರ ಹೇಳು” ಅಂದು ಪ್ರಶ್ನೆ ಓದಿದೆ. ತಕ್ಷಣ ಹೇಳಿದ: “ಎಲಿ ಒಳಗ ಹಸರ ಇರ್ತದಲ್ರೀ ಮೇಡಂ, ಅದಕ್ಕ ಬಿಸಲು ಬೇಕು, ನೀರು ಬೇಕು, ಗಾಳಿ ಬೇಕು. ಗಿಡ ತನ್ನ ಊಟ ತಾನ ಮಾಡ್ಕೊತದ.” ಇಂಗಾಲದ ಡೈಆಕ್ಸೈಡ್ ಅಂತ ಹೆಸರು ಹೇಳಲು ಬರಲಿಲ್ಲ. ಉಳಿದದ್ದೆಲ್ಲ ಸರಿ. ಕ್ಲಾಸಿನಲ್ಲಿ ಕಿವಿಗೊಟ್ಟು ಕೇಳಿದ್ದ, ಅರ್ಥ ಮಾಡಿಕೊಂಡಿದ್ದ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವವರು ಯಾರೂ ಇರುವುದಿಲ್ಲ. ಅವನ ಹಿಂದಿನ ಟೆಸ್ಟ್ ಪೇಪರ್ ತೆಗೆದು ನೋಡಿದೆ. ಪ್ರಶ್ನೆಗಳನ್ನೇ ನೋಡಿಕೊಂಡು ಉತ್ತರದ ಜಾಗದಲ್ಲಿ ಮತ್ತೆ ಬರೆದಿದ್ದ. ಅಕ್ಷರ ಮಾತ್ರ ದುಂಡಗೆ, ಚಂದ.

ಇವನು ದಡ್ಡ ಎಂದು ಬರೆದಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಈ ಮಕ್ಕಳು 2020-21ರಲ್ಲಿ ಆರನೇ ಕ್ಲಾಸಿನಲ್ಲಿದ್ದವರು. ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಇವರ ಪಾಲಿಗೆ ನಡುವೆ ಒಂದಿಷ್ಟು ದಿನ ತೆರೆದು ಮತ್ತೆ ಮುಚ್ಚಿತು. ಆರರಿಂದ ಎಂಟರವರೆಗಿನ ತರಗತಿಗಳು ಸರಿಯಾಗಿ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಇವರು ಏಳನೇ ಕ್ಲಾಸು. ಆನ್‌ಲೈನ್ ಪಾಠ ತಾಂಡಾಗಳನ್ನು ಮುಟ್ಟಲಿಲ್ಲ. ಮನೆಯಲ್ಲಿ ಕನ್ನಡ ಆಡದ ಮಗುವಿಗೆ ಶಾಲೆ ಬಿಟ್ಟರೆ ಕನ್ನಡ ಅಕ್ಷರ ನೋಡುವ ಜಾಗವೇ ಇರಲಿಲ್ಲ. ಆಮೇಲೆ ತಪ್ಪಿಹೋದ ಕಲಿಕೆ ತುಂಬಿಸಲು ಸರ್ಕಾರದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು, ಒಳ್ಳೆಯ ಯೋಚನೆಯೇ. ಆದರೆ ಒಂದೇ ವರ್ಷದಲ್ಲಿ ಅಷ್ಟು ದೊಡ್ಡ ಹಳ್ಳ ತುಂಬಲಿಲ್ಲ. ಮಕ್ಕಳು ವರ್ಷ ವರ್ಷ ಮುಂದಿನ ಬೆಂಚಿಗೆ ಹೋದರು, ಓದು ಮಾತ್ರ ಹಿಂದೆ ಉಳಿಯಿತು.

ಮೊದಲ ಪಿರಿಯಡ್

ಇಂಥ ಕಡೆ ಸಾಮಾನ್ಯವಾಗಿ ಮಾಡುವುದು ‘ಪಾಸಿಂಗ್ ಪ್ಯಾಕೇಜ್’. ಇಂಥಿಂಥ ಚಿತ್ರ, ಇಂಥ ಪ್ರಮೇಯ, ಒಂದು ಗ್ರಾಫ್, ಒಂದು ಸರಾಸರಿ ಲೆಕ್ಕ, ಒಂದು ಪತ್ರ, ಒಂದು ಪದ್ಯ. ಇವನ್ನು ಉರು ಹೊಡೆಸಿದರೆ ಆಗ ಪಾಸಿಗೆ ಬೇಕಿದ್ದ 80ಕ್ಕೆ 28 ದಾಟುತ್ತದೆ ಅನ್ನುವ ಲೆಕ್ಕ. ನಾನು ಅದರ ವಿರೋಧಿ ಅಲ್ಲ. ಡಿಸೆಂಬರ್‌ನಲ್ಲಿ ನಾವೂ ಅದನ್ನೇ ಕೈಗೆ ತೆಗೆದುಕೊಂಡೆವು. ಆದರೆ ಪ್ರಶ್ನೆಯನ್ನೇ ಓದಲಾಗದ ಮಗುವಿಗೆ ಪ್ಯಾಕೇಜ್ ಕೂಡ ಕೆಲಸಕ್ಕೆ ಬರುವುದಿಲ್ಲ. ಪ್ರಮೇಯ ಬಾಯಿಪಾಠ ಇದ್ದರೂ ಅದನ್ನು ಯಾವ ಪ್ರಶ್ನೆಯ ಕೆಳಗೆ ಬರೆಯಬೇಕು ಎಂದು ತಿಳಿಯುವುದಿಲ್ಲ.

ಹಾಗಾಗಿ ಮೊದಲ ಪಿರಿಯಡ್ ಪೂರ್ತಿ ಓದಿಗೆ ಬಿಡೋಣ ಎಂದೆ, ಜುಲೈನಿಂದ ದಸರಾ ರಜೆಯವರೆಗೆ. ಶಾಲೆ ಶುರುವಾಗುವ ಮುಂಚೆ ತರಗತಿ ಇಡುವ ಮಾತು ಬಂತು. ಅದು ನಡೆಯುವಂಥದ್ದಲ್ಲ. ಅರ್ಧ ಮಕ್ಕಳು ಬರುವುದು ಒಂದೇ ಬಸ್ಸಿನಲ್ಲಿ. ಅದು ಬಂದಾಗಲೇ ಅವರ ಬೆಳಗು.

ಶಿಕ್ಷಕರಿಂದ ವಿರೋಧ ಬಂತು. “ಹತ್ತನೇ ಕ್ಲಾಸಿನ್ಯಾಗ ಒತ್ತಕ್ಷರ ಕಲಸೋದೇನ್ರೀ ಮೇಡಂ? ಸಿಲಬಸ್ ಯಾರು ಮುಗಸ್ತಾರ?” ಎಂದು ಸಮಾಜ ವಿಜ್ಞಾನದವರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಲಬಸ್ ತಡವಾದರೆ ಮೊದಲು ನೋಟಿಸ್ ಬರುವುದು ಅವರಿಗೆ. ತಡವಾದರೆ ಉತ್ತರ ಕೊಡುವ ಹೊಣೆ ನನ್ನದು ಎಂದು ಸಭಾ ನಡಾವಳಿ ಪುಸ್ತಕದಲ್ಲೇ ಬರೆದು ಸಹಿ ಹಾಕಿದೆ. ಆಮೇಲೆ ಒಪ್ಪಿದರು. ದೈಹಿಕ ಶಿಕ್ಷಕರೂ ಸೇರಿ ಒಬ್ಬೊಬ್ಬರು ಐದಾರು ಮಕ್ಕಳ ಗುಂಪು ತೆಗೆದುಕೊಂಡರು. ಚೆನ್ನಾಗಿ ಓದುವ ಮಕ್ಕಳು ಆ ಹೊತ್ತಿನಲ್ಲಿ ಗ್ರಂಥಾಲಯದ ಪುಸ್ತಕ ಓದಿ ಬರೆಯುತ್ತಿದ್ದರು. ಅವರಿಗೂ ಇದರಿಂದ ನಷ್ಟವಾಗಲಿಲ್ಲ.

ಪಕ್ಕದ ಪ್ರಾಥಮಿಕ ಶಾಲೆಯಿಂದ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ನಲಿ-ಕಲಿ ಕಾರ್ಡು ತರೋಣ ಎಂದು ಒಬ್ಬರು ಹೇಳಿದರು. ನಾನು ಬೇಡ ಎಂದೆ. ಮೀಸೆ ಚಿಗುರುತ್ತಿರುವ ಹುಡುಗರ ಕೈಗೆ ಒಂದನೇ ಕ್ಲಾಸಿನ ಕಾರ್ಡು ಕೊಟ್ಟರೆ ಮರುದಿನದಿಂದ ಶಾಲೆಗೇ ಬರುವುದಿಲ್ಲ. ಅವರ ವಯಸ್ಸಿಗೆ ತಕ್ಕದ್ದು ಬೇಕಿತ್ತು. ದಿನಪತ್ರಿಕೆಯ ಕ್ರೀಡಾ ಪುಟ, ಬಸ್ಸಿನ ಬೋರ್ಡುಗಳು, ರೇಷನ್ ಕಾರ್ಡು, ಅಪ್ಪನ ಜಾಬ್ ಕಾರ್ಡು, ಹತ್ತಿ ತೂಕದ ಚೀಟಿ, ಇವೇ ಓದಿನ ಪಾಠವಾದವು. ಮಕ್ಕಳು ಮನೆಯಿಂದ ತಾವೇ ತರತೊಡಗಿದರು. ತೂಕದ ಚೀಟಿಯಲ್ಲಿ ಕಳೆದ ಕಿಲೋ ಎಷ್ಟು, ಯಾಕೆ ಎಂದು ಒಂದು ಗುಂಪಿನಲ್ಲಿ ಜೋರು ಚರ್ಚೆಯೇ ಆಯಿತು.

ಇದರ ಜೊತೆ ಮಾಡಿದ ಇನ್ನೊಂದು ಕೆಲಸ ನೋಡಲು ತೀರಾ ಚಿಕ್ಕದು. ಆದರೆ ಇಡೀ ವರ್ಷದಲ್ಲಿ ಹೆಚ್ಚು ಫಲ ಕೊಟ್ಟದ್ದು ಅದೇ ಎಂದು ನನ್ನ ನಂಬಿಕೆ. ವಿಜ್ಞಾನ, ಸಮಾಜ, ಗಣಿತ, ಯಾವ ಪಾಠವೇ ಇರಲಿ, ಶುರು ಮಾಡುವ ಮುಂಚೆ ಆ ಪಾಠದ ಹತ್ತು ಕಷ್ಟದ ಪದಗಳನ್ನು ಬೋರ್ಡಿನ ಎಡಗಡೆ ಬಿಡಿಸಿ ಬರೆಯಬೇಕು. ದ್ಯು-ತಿ-ಸಂ-ಶ್ಲೇ-ಷ-ಣೆ. ವಿ-ದ್ಯು-ತ್ಕಾಂ-ತೀ-ಯ. ಮೊದಲು ಶಿಕ್ಷಕರು ಓದುತ್ತಾರೆ, ಆಮೇಲೆ ಇಡೀ ಕ್ಲಾಸು, ಆಮೇಲೆ ಇಬ್ಬರು ಮೂವರು ಮಕ್ಕಳು. ನಾಲ್ಕೈದು ನಿಮಿಷ ಸಾಕು. ಪಾಠ ಮುಗಿಯುವವರೆಗೆ ಆ ಪದಗಳನ್ನು ಒರೆಸುವಂತಿಲ್ಲ. ಎಲ್ಲರೂ ಒಟ್ಟಿಗೆ ಓದುವುದರಿಂದ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬಯಲಾಗುವುದಿಲ್ಲ, ನಾಚಿಕೆ ಇಲ್ಲ. ಮೊದಲು ಪ್ರಶ್ನೆ ಎತ್ತಿದ್ದ ಸಮಾಜ ವಿಜ್ಞಾನದ ಮೇಷ್ಟ್ರೇ ಸೆಪ್ಟೆಂಬರ್ ಹೊತ್ತಿಗೆ ಪ್ರತಿ ಪಾಠದ ಪದಪಟ್ಟಿಯನ್ನು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದರು. ಸಿಲಬಸ್ ಕೂಡ ಅಷ್ಟೇನೂ ತಡವಾಗಲಿಲ್ಲ, ಏಕೆಂದರೆ ಪಾಠವನ್ನು ಎರಡೆರಡು ಸಲ ಹೇಳುವುದು ತಪ್ಪಿತು.

ಪ್ರಾರ್ಥನೆ ಹೊತ್ತಿನಲ್ಲಿ ಪತ್ರಿಕೆ ಓದುವುದು ಎಲ್ಲ ಶಾಲೆಗಳಲ್ಲೂ ಇದೆ, ಓದುವವರು ಮಾತ್ರ ಪ್ರತಿದಿನ ಅದೇ ಮೂರು ನಾಲ್ಕು ಮಕ್ಕಳು. ನಾವು ಸರದಿ ಮಾಡಿದೆವು. ಹಿಂದಿನ ದಿನವೇ ಸುದ್ದಿಯ ಒಂದು ತುಂಡು ಕೊಟ್ಟು ಮನೆಯಲ್ಲಿ ಓದಿಕೊಂಡು ಬರಲು ಬಿಟ್ಟೆವು. ಆ ತಾಂಡಾದ ಹುಡುಗನ ಸರದಿ ಬಂದಾಗ ಅವನು ಕಬಡ್ಡಿ ಸುದ್ದಿ ಓದಿದ. ಎರಡು ಕಡೆ ನಿಂತ, ಮುಂದೆ ಹೋದ. ಇಡೀ ಶಾಲೆ ಸಾಲಾಗಿ ನಿಂತು ಕೇಳಿತು. ಯಾರಿಗೂ ಅದರಲ್ಲಿ ವಿಶೇಷ ಅನಿಸಲಿಲ್ಲ. ಅದೇ ನನಗೆ ಬೇಕಾಗಿತ್ತು.

ಹತ್ತಿ ಬಿಡಿಸುವ ತಿಂಗಳುಗಳು

ದಸರಾ ರಜೆ ಮುಗಿದು ಶಾಲೆ ತೆರೆದಾಗ ಕ್ಲಾಸು ಅರ್ಧ ಖಾಲಿ. ಈ ಭಾಗದಲ್ಲಿ ಇದು ಹೊಸದಲ್ಲ. ಹತ್ತಿ ಬಿಡಿಸುವ ಕೆಲಸ ಶುರುವಾಗಿರುತ್ತದೆ, ಅದರ ಬೆನ್ನಿಗೇ ತೊಗರಿ ಕಟಾವು ಬರುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುತ್ತಾರೆ. ಹತ್ತಿಗೆ ಕೂಲಿ ಕಿಲೋ ಲೆಕ್ಕ. ಬೆರಳು ಚುರುಕಿರುವ ಹುಡುಗಿ ದೊಡ್ಡವರಷ್ಟೇ ಬಿಡಿಸುತ್ತಾಳೆ. ಆದ್ದರಿಂದ ಕ್ಲಾಸಿನಿಂದ ಮೊದಲು ಮಾಯವಾಗುವವರು ಹುಡುಗಿಯರೇ.

ಒಬ್ಬ ಹುಡುಗಿ ಶಾಲೆಯಲ್ಲಿ ಚೆನ್ನಾಗಿ ಓದುವವರ ಸಾಲಿನಲ್ಲಿದ್ದಳು. ಖೋ ಖೋ ತಂಡದಲ್ಲೂ ಇದ್ದಳು. ರಜೆ ನಂತರ ಬರಲೇ ಇಲ್ಲ. ಸಂಜೆ ವಿಜ್ಞಾನ ಟೀಚರ್ ಜೊತೆ ಅವರ ಮನೆಗೆ ಹೋದೆ. ತಾಯಿ ಆಗತಾನೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಹುಡುಗಿ ಒಳಗಿನಿಂದ ನೀರು ತಂದುಕೊಟ್ಟಳು. ಹತ್ತಿ ಕಾಯಿಯ ಒಣಗಿದ ಸಿಪ್ಪೆ ಚುಚ್ಚಿ ಅವಳ ಬೆರಳ ತುದಿಗಳೆಲ್ಲ ಬಿರಿದಿದ್ದವು, ಲೋಟ ಹಿಡಿಯುವಾಗ ಕಾಣಿಸಿತು.

“ಅಕ್ಕಾ, ಇವಳು ಪಾಸಾಗೋ ಹುಡುಗಿ. ಸುಮ್ನೆ ಪಾಸಲ್ಲ, ಚಲೋ ನಂಬರ್ ತಗೋತಾಳೆ” ಎಂದೆ.

“ನಂಗೂ ಗೊತ್ತದರೀ ಮೇಡಂ. ಸಂಘದ ಕಂತು ವಾರಾ ವಾರಾ ಕಟ್ಟಬೇಕ್ರಿ. ದೊಡ್ಡಾಕಿ ಲಗ್ನಕ್ಕ ತಗೊಂಡಿದ್ದು. ಒಬ್ಬಾಕಿ ದುಡದ್ರ ಊಟಕ್ಕ ಆಗ್ತದ, ಕಂತಿಗಿ ಆಗಲ್ರಿ. ನೀವ ಹೇಳ್ರಿ, ನಾ ಏನ್ ಮಾಡ್ಬೇಕು?”

ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಹದಿನಾಲ್ಕು ದಾಟಿದ ಮಕ್ಕಳಿಗೆ ಕಾನೂನು ಅಪಾಯದ ಕೆಲಸಗಳನ್ನು ಮಾತ್ರ ನಿಷೇಧಿಸುತ್ತದೆ. ಕಾನೂನು ಹೇಳಿ ಹೆದರಿಸುವುದು ಸರಿಯೂ ಅಲ್ಲ, ಅದರಿಂದ ಉಪಯೋಗವೂ ಇಲ್ಲ. ಆ ತಾಯಿಗೆ ಓದಿನ ಬೆಲೆ ತಿಳಿಸಿ ಹೇಳಬೇಕಾದ ಅಗತ್ಯ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ವಾರದ ಕಂತಿಗೆ ಒಂದು ದಾರಿ. ‘ಪಾಲಕರಲ್ಲಿ ಜಾಗೃತಿ ಇಲ್ಲ’ ಎಂದು ವರದಿಗಳಲ್ಲಿ ಬರೆಯುವವರು ಒಂದು ಸಲ ಇಂಥ ಮನೆಯ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಬೇಕು.

ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಸೋಮವಾರದಿಂದ ಶುಕ್ರವಾರ ಶಾಲೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ, ಮತ್ತೆ ಭಾನುವಾರ ಪೂರ್ತಿ ಹೊಲ. ಊರಿನಲ್ಲಿ ಕೂಲಿಯವರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುವ ಮೇಸ್ತ್ರಿಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೇ ಕರೆಸಿ ಮಾತಾಡಿದರು. ವಾರದ ನಡುವೆ ಹತ್ತನೇ ಕ್ಲಾಸಿನ ಮಕ್ಕಳು ಗಾಡಿ ಹತ್ತಿದರೆ ಇಳಿಸುವುದಾಗಿ ಅವನು ಒಪ್ಪಿದ. ಅವನ ತಮ್ಮನ ಮಗಳೂ ಅದೇ ಕ್ಲಾಸಿನಲ್ಲಿದ್ದಳು, ಅದೂ ಸಹಾಯವಾಯಿತು. ಅದು ಆದರ್ಶ ವ್ಯವಸ್ಥೆ ಅಲ್ಲ. ಹದಿನೈದರ ಹುಡುಗಿ ವಾರಪೂರ್ತಿ ಬಿಡುವಿಲ್ಲದೆ ದುಡಿದಳು, ಓದಿದಳು. ಆದರೆ ಕ್ಲಾಸಿನಲ್ಲಿ ಉಳಿದಳು. ಶಾಲೆ ಬಿಟ್ಟ ಹುಡುಗಿಗೆ ಈ ಕಡೆ ಮುಂದಿನ ಮಾತು ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತು: ಗಂಡು ನೋಡುವುದು.

ಎಲ್ಲ ಮನೆಗಳಲ್ಲೂ ಇದು ನಡೆಯಲಿಲ್ಲ. ಇಡೀ ಕುಟುಂಬ ಗುಳೆ ಹೋದ ಕಡೆ ಬೀಗ ನೋಡಿ ವಾಪಸ್ ಬಂದೆವು. ಇಬ್ಬರು ಮಕ್ಕಳನ್ನು ಅಜ್ಜಿ ಮನೆಯಲ್ಲಿ ಉಳಿಸಿಕೊಳ್ಳಲು ಆಯಿತು, ಒಬ್ಬನನ್ನು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ ಸೇರಿಸಲಾಯಿತು. ಉಳಿದವರು ಹೋದರು.

ದೈಹಿಕ ಶಿಕ್ಷಕರು ತಮ್ಮದೇ ಒಂದು ಉಪಾಯ ಮಾಡಿದರು. ಖೋ ಖೋ ಅಭ್ಯಾಸ ಕೊನೆಯ ಪಿರಿಯಡ್ ಮುಗಿದ ಮೇಲೆ. ಆದರೆ ಅಂದು ಬೆಳಿಗ್ಗೆ ಹಾಜರಿ ಹಾಕಿದವರಿಗೆ ಮಾತ್ರ ಅಂಕಣಕ್ಕೆ ಪ್ರವೇಶ. ಎಂಟು, ಒಂಬತ್ತನೇ ಕ್ಲಾಸಿನ ಹುಡುಗರನ್ನು ಶಾಲೆಯಲ್ಲಿ ಹಿಡಿದಿಟ್ಟದ್ದು ಆ ಆಟವೇ. ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ವಾರಕ್ಕೆ ಆರು ದಿನ ಸಿಗತೊಡಗಿದ್ದೂ ಅದೇ ವರ್ಷ. ಮಕ್ಕಳು ಶಾಲೆಗೆ ಬರಲು ಮೊಟ್ಟೆಯೂ ಒಂದು ಕಾರಣ ಎಂದು ಹೇಳಲು ನನಗೆ ಏನೂ ಸಂಕೋಚ ಇಲ್ಲ.

ಹೆಸರು ಕಟ್ಟುವ ಹೊತ್ತು

ಪರೀಕ್ಷೆಗೆ ಮಕ್ಕಳ ಹೆಸರು ನೋಂದಾಯಿಸುವ ಹೊತ್ತಿಗೆ ಒಂದು ಸಲಹೆ ಬಂತು. ತೀರಾ ಹಿಂದಿರುವ ಮಕ್ಕಳನ್ನು ‘ಮುಂದಿನ ವರ್ಷ ಕಟ್ಟಲಿ’ ಎಂದು ಬಿಟ್ಟುಬಿಡಿ, ಹಾಜರಾತಿ ಕಡಿಮೆ ಎಂದು ಕಾರಣ ತೋರಿಸಿ, ಶೇಕಡಾವಾರು ತಾನಾಗೇ ಏರುತ್ತದೆ. ಹೇಳಿದವರು ಕೆಟ್ಟವರಲ್ಲ. ಅವರ ಮೇಲೂ ಮೇಲಿನಿಂದ ಒತ್ತಡ ಇತ್ತು. ಜಿಲ್ಲೆಗೆ ಸ್ಥಾನ, ತಾಲ್ಲೂಕಿಗೆ ಸ್ಥಾನ, ಶಾಲೆಗೆ ಸ್ಥಾನ ಎಂದು ಪಟ್ಟಿ ಮಾಡುತ್ತಾ ಹೋದರೆ ಕೊನೆಗೆ ಯಾರಾದರೂ ಇಂಥ ಲೆಕ್ಕ ಹಾಕಿಯೇ ಹಾಕುತ್ತಾರೆ.

ನಾನು ಒಪ್ಪಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತ ಮಗು ಮರುವರ್ಷ ಬಂದು ಪರೀಕ್ಷೆ ಕಟ್ಟುವುದನ್ನು ನಾನು ಕಂಡದ್ದು ಬಹಳ ಕಮ್ಮಿ. 2023-24ರಿಂದ ಪೂರಕ ಪರೀಕ್ಷೆ ಹೋಗಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದಿದ್ದವು. ಮೂರರಲ್ಲಿ ಯಾವುದರಲ್ಲಿ ಒಳ್ಳೆಯ ಅಂಕ ಬರುತ್ತದೋ ಅದನ್ನೇ ಇಟ್ಟುಕೊಳ್ಳಬಹುದಿತ್ತು. ಮಾರ್ಚ್‌ನಲ್ಲಿ ಎರಡು ವಿಷಯ ಹೋದ ಮಗು ಮೇ, ಜೂನ್ ಹೊತ್ತಿಗೆ ಅವೆರಡನ್ನೇ ಓದಿ ಬರೆಯಬಹುದಿತ್ತು. ಅಷ್ಟು ಒಳ್ಳೆಯ ಅವಕಾಶ ಇದ್ದಾಗ ಬಾಗಿಲಲ್ಲೇ ತಡೆಯುವುದು ಯಾವ ನ್ಯಾಯ? ಎಸ್‌ಡಿಎಂಸಿ ನನ್ನ ಜೊತೆ ನಿಂತಿತು. ಶಾಲೆಗೆ ಬರುತ್ತಿದ್ದ ಎಲ್ಲ ಮಕ್ಕಳ ಹೆಸರೂ ಹೋಯಿತು.

ಡಿಸೆಂಬರ್‌ನಿಂದ ಎಲ್ಲ ಶಾಲೆಗಳಂತೆಯೇ ನಮ್ಮದೂ ಓಟ: ಸರಣಿ ಪರೀಕ್ಷೆ, ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ. ಅದನ್ನು ವಿವರಿಸುವ ಅಗತ್ಯ ಇಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ. ಮಕ್ಕಳಿಗೆ ಕ್ಯಾಮೆರಾ ಬಗ್ಗೆ ವಿಪರೀತ ಭಯ ಇತ್ತು. ತಲೆ ಎತ್ತಿದರೆ ಡಿಬಾರ್, ನೀರು ಕುಡಿದರೆ ಡಿಬಾರ್ ಎಂದು ಹಿಂದಿನ ವರ್ಷದವರು ಹೆದರಿಸಿಟ್ಟಿದ್ದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕೋಣೆಯ ಮೂಲೆಯಲ್ಲಿ ಒಂದು ಮೊಬೈಲ್ ನಿಲ್ಲಿಸಿ ರೆಕಾರ್ಡ್ ಮಾಡಿದೆವು. ಮುಗಿದ ಮೇಲೆ ಅವರಿಗೇ ತೋರಿಸಿದೆವು. ಪೆನ್ನು ಬಿದ್ದು ಎತ್ತಿಕೊಂಡದ್ದು, ಕಿಟಕಿ ಕಡೆ ನೋಡಿ ಯೋಚಿಸಿದ್ದು, ಎಲ್ಲ ಕಂಡಿತು. ಇಷ್ಟೇನಾ ಎಂದು ನಕ್ಕರು. ಆ ಭಯ ಅಲ್ಲಿಗೆ ಹೋಯಿತು.

ಫಲಿತಾಂಶ, ಮತ್ತು ಅದರ ಒಳಗೆ

2025ರ ಪರೀಕ್ಷೆ-1 ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ನಡೆಯಿತು. ಹಿಂದಿನ ವರ್ಷದ ಹೆಚ್ಚುವರಿ ಗ್ರೇಸ್ ಈ ಸಲ ಇರಲಿಲ್ಲ. ಮೇ 2ರಂದು ಫಲಿತಾಂಶ ಬಂತು. ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲು, ನೆರೆಯ ಕಲಬುರಗಿ ಶೇ 42.43 ಪಡೆದು ಕೊನೆಗೆ. ಇಡೀ ಕಲ್ಯಾಣ ಕರ್ನಾಟಕದ ಸ್ಥಿತಿ ಅದರಲ್ಲೇ ಕಾಣುತ್ತದೆ.

ನಮ್ಮ ಶಾಲೆಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಮಕ್ಕಳು ಪಾಸಾದರು. ಎಲ್ಲರನ್ನೂ ಕೂರಿಸಿ, ಗ್ರೇಸಿನ ಆಸರೆ ಹಿಂದಿನಷ್ಟು ಇಲ್ಲದೆ ಬಂದ ಫಲಿತಾಂಶ ಅದು. ಹಳೆಯ ಬ್ಯಾನರಿನ ಶೇ 90ರ ಮುಂದೆ ಇಟ್ಟರೆ ಚಿಕ್ಕದಾಗಿ ಕಾಣಬಹುದು. ನಾನು ಹೋಲಿಸುವುದಿಲ್ಲ. ಕನ್ನಡ, ಸಮಾಜ, ವಿಜ್ಞಾನ, ಈ ಮೂರರಲ್ಲಿ ಫೇಲಾದವರ ಸಂಖ್ಯೆ ಎದ್ದು ಕಾಣುವಷ್ಟು ಇಳಿದಿತ್ತು. ಇಂಗ್ಲಿಷ್ ಮತ್ತು ಗಣಿತ ಮಾತ್ರ ಹೆಚ್ಚು ಕಡಿಮೆ ಅಲ್ಲೇ ಇದ್ದವು. ಓದು ಸುಧಾರಿಸಿದ್ದು ಕನ್ನಡದಲ್ಲಿ, ಅದರ ಫಲ ಕನ್ನಡದಲ್ಲಿ ಓದುವ ವಿಷಯಗಳಿಗೆ ಸಿಕ್ಕಿತು. ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದು ತಡವಾಗಿ. ಒಂದೆರಡು ತಿಂಗಳ ಬುನಾದಿ ಹೋದರೆ ಗಣಿತದಲ್ಲಿ ಮತ್ತೆ ಹಿಡಿಯುವುದು ಕಷ್ಟ.

ಹತ್ತಿ ಬಿಡಿಸುತ್ತಿದ್ದ ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡು ಹಾಸ್ಟೆಲ್‌ನಲ್ಲಿದ್ದಾಳೆ. ತಾಂಡಾದ ಹುಡುಗ ವಿಜ್ಞಾನದಲ್ಲಿ ಪಾಸು, ಸಮಾಜದಲ್ಲಿ ಪಾಸು, ಗಣಿತದಲ್ಲೂ ಗಡಿ ದಾಟಿದ್ದ. ಇಂಗ್ಲಿಷ್ ಹೋಗಿತ್ತು. ಅವನಂತೆ ಒಂದೋ ಎರಡೋ ವಿಷಯ ಹೋದ ಮಕ್ಕಳಿಗೆ ಇಂಗ್ಲಿಷ್ ಟೀಚರ್ ರಜೆಯಲ್ಲೂ ಬಂದು ಪಾಠ ಮಾಡಿದರು. ಅವರಿಗೆ ಅದಕ್ಕೆ ಯಾರೂ ಪ್ರತ್ಯೇಕ ದುಡ್ಡು ಕೊಡಲಿಲ್ಲ. ಮೇ 26ರಿಂದ ನಡೆದ ಪರೀಕ್ಷೆ-2ರಲ್ಲಿ ಅವನು ಇಂಗ್ಲಿಷ್ ದಾಟಿದ. ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತಿದ್ದಾನೆ. ಮೂರೂ ಪರೀಕ್ಷೆ ಮುಗಿದರೂ ಪಾಸಾಗದ ಮಕ್ಕಳು ಇದ್ದಾರೆ. ಒಬ್ಬಳು ಪರೀಕ್ಷೆ-2ಕ್ಕೆ ಬರಲೇ ಇಲ್ಲ. ಅಪ್ಪ ಅಮ್ಮನ ಜೊತೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸದ ಕಡೆ ಇದ್ದಾಳೆ ಎಂದು ತಿಳಿಯಿತು. ಫೋನ್ ನಂಬರ್ ಬದಲಾಗಿದೆ.

ಆಗಸ್ಟ್ 15ಕ್ಕೆ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸನ್ಮಾನ ಮಾಡಿದೆವು, ಗೇಟಿಗೆ ಬ್ಯಾನರೂ ಕಟ್ಟಿದೆವು. ಆ ಮಕ್ಕಳು ರಾತ್ರಿ ಹಗಲು ಓದಿ ಗಳಿಸಿದ್ದು, ಅವರ ಫೋಟೊ ಊರು ನೋಡಲೇಬೇಕು. ‘ಓದಲು ಬಾರದೆ ಇದ್ದು ಕಲಿತು ಪಾಸಾದವರನ್ನೂ ವೇದಿಕೆಗೆ ಕರೆಯೋಣ’ ಎಂದು ಒಬ್ಬ ಶಿಕ್ಷಕರು ಪ್ರೀತಿಯಿಂದಲೇ ಹೇಳಿದರು. ನಾನು ಬೇಡ ಎಂದೆ. ಅವರನ್ನು ಹಾಗೆ ಕರೆಯುವುದೆಂದರೆ ಹತ್ತನೇ ಕ್ಲಾಸಿನಲ್ಲಿ ಅವರಿಗೆ ಓದಲು ಬರುತ್ತಿರಲಿಲ್ಲ ಎಂದು ಮೈಕಿನಲ್ಲಿ ಸಾರಿದಂತೆ. ಅವರ ಸಾಧನೆ ಅವರಿಗೆ ಗೊತ್ತು, ಅವರ ಶಿಕ್ಷಕರಿಗೆ ಗೊತ್ತು. ಅಷ್ಟು ಸಾಕು.

ಈ ವರ್ಷ ಮೊದಲ ಪಿರಿಯಡಿನ ಓದನ್ನು ಎಂಟನೇ ಕ್ಲಾಸಿಗೆ ಇಳಿಸಿದ್ದೇವೆ. ಜೂನ್‌ನಲ್ಲಿ ಸೇರಿದ ಪ್ರತಿ ಮಗುವನ್ನೂ ಓದಿಸಿ ನೋಡಿ, ಯಾರಿಗೆ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟಿದ್ದೇವೆ. ಮಕ್ಕಳನ್ನು ಕಳಿಸುವ ಪ್ರಾಥಮಿಕ ಶಾಲೆಗಳ ಮುಖ್ಯಶಿಕ್ಷಕರ ಜೊತೆ ಒಂದು ಸಭೆ ಆಯಿತು. ಮೊದಲು ಸ್ವಲ್ಪ ಬಿಸಿ ಇತ್ತು, ತಪ್ಪು ತಮ್ಮ ಮೇಲೆ ಹಾಕುತ್ತಿದ್ದಾರೆ ಎಂದುಕೊಂಡರು. ಅವರಲ್ಲೂ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುತ್ತಿದ್ದಾರೆ. ಕೊನೆಗೆ ಆರು ಮತ್ತು ಏಳನೇ ಕ್ಲಾಸಿನಲ್ಲಿ ವಿಜ್ಞಾನ, ಸಮಾಜ ಪಾಠಕ್ಕೆ ಮುಂಚೆ ಹತ್ತು ಪದ ಬಿಡಿಸಿ ಬರೆಯುವುದನ್ನು ಶುರು ಮಾಡಲು ಒಪ್ಪಿದ್ದಾರೆ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ತಮ್ಮ ಚಾರ್ಟುಗಳನ್ನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದಾರೆ. ಗಣಿತದ ಹುದ್ದೆ ಇನ್ನೂ ಖಾಲಿ ಇದೆ. ಅದಕ್ಕಾಗಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಬರೆಯುವುದು, ಓಡಾಡುವುದು ನಡೆದೇ ಇದೆ.